ಮಿಲಿಟರಿ ಡಾಕ್ಟರರೂ ಪರೀಕ್ಷೆ ಬರೆಯಲಿ

ಕೊಡಗಿನಲ್ಲಿ ನಿವೃತ್ತ ಸೈನಿಕರಿಲ್ಲದ ಊರನ್ನು ಹುಡುಕುವುದು ಕಷ್ಟ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರುಗಳನ್ನು ಮಕ್ಕಳು ವರ್ಣಮಾಲೆಯ ಜೊತೆಜೊತೆಗೇ ಕಲಿಯುವ ಜಿಲ್ಲೆ ಇದು. ಹೀಗಿರುವಾಗ ಊರಿಗೊಬ್ಬ 'ಮಿಲಿಟರಿ ಡಾಕ್ಟರು' ಇರುವುದೂ ಸಹಜವೇ. ಜನ ಡಾಕ್ಟರೆಂದು ಕರೆದರೂ ಇವರು ಎಂಬಿಬಿಎಸ್ ಓದಿದವರಲ್ಲ. ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಹದಿನೈದೋ ಇಪ್ಪತ್ತೋ ವರ್ಷ ದುಡಿದು, ಪೆನ್ಷನ್ ಪುಸ್ತಕ ಹಿಡಿದು ಊರಿಗೆ ಮರಳಿದವರು. ಜ್ವರ ಬಂದರೆ ಇವರ ಮನೆ, ಗಾಯವಾದರೆ ಇವರ ಮನೆ, ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೂ ಇವರ ಮನೆಯ ಬಾಗಿಲೇ.

ಈ ಬಗ್ಗೆ ಒಂದು ಚರ್ಚೆ ನಮ್ಮ ಕಡೆ ಆಗಾಗ ಏಳುತ್ತದೆ. ಮಾಜಿ ಸೈನಿಕರ ಸಭೆಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ನಾನೇ ಹಲವು ಸಲ ಕೇಳಿದ್ದೇನೆ. 'ಗುಂಡಿನ ಸುರಿಮಳೆಯ ನಡುವೆ ಜೀವ ಉಳಿಸಿದವನಿಗೆ ಇನ್ನು ಯಾವ ಪರೀಕ್ಷೆ? ಆಂಬ್ಯುಲೆನ್ಸಿನಲ್ಲಿ ಕೂರಲು ಅವನಿಗೂ ಡಿಪ್ಲೊಮಾ ಬೇಕೇ? ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗರ ಜೊತೆ ಅವನನ್ನು ಕೂರಿಸುವುದು ಅವಮಾನವಲ್ಲವೇ?' ಹೀಗೆ ಕೇಳಿದಾಗ ಸುತ್ತಲಿದ್ದವರೆಲ್ಲ ತಲೆದೂಗುತ್ತಾರೆ. ಸೈನಿಕನ ಪರವಾಗಿ ಆಡಿದ ಮಾತಿಗೆ ತಲೆದೂಗದಿದ್ದರೆ ದೇಶದ್ರೋಹವಾದೀತು ಎಂಬ ಅಳುಕು ಬೇರೆ.

ನಾನು ತಲೆದೂಗುವುದಿಲ್ಲ. ಅವರು ಪರೀಕ್ಷೆ ಬರೆಯಲೇಬೇಕು ಎನ್ನುವವಳು ನಾನು. ಸೈನ್ಯ ಬಿಟ್ಟು ಬಂದ ನರ್ಸಿಂಗ್ ಅಸಿಸ್ಟೆಂಟ್ ಜನಸಾಮಾನ್ಯರ ಮೈಮುಟ್ಟಿ ಚಿಕಿತ್ಸೆ ಮಾಡುವುದಾದರೆ, ಮೊದಲು ನಾಗರಿಕ ಪ್ಯಾರಾಮೆಡಿಕ್ ಶಿಕ್ಷಣ ಪಡೆದು, ಪಾಸಾಗಿ, ಹೆಸರು ನೋಂದಾಯಿಸಿಕೊಂಡು ಬರಲಿ. ಈ ಮಾತನ್ನು ಅವರ ಮೇಲಿನ ಅಗೌರವದಿಂದ ಹೇಳುತ್ತಿಲ್ಲ. ನನ್ನ ಮೈದುನನೇ ಆ ದಳದಲ್ಲಿ ಹದಿನೇಳು ವರ್ಷ ದುಡಿದವನು. ನನ್ನ ಕೈಕೆಳಗೆ ಕಲಿತ ಹುಡುಗರಲ್ಲಿ ಕೆಲವರು ಈಗಲೂ ಅಲ್ಲಿದ್ದಾರೆ.

ಮೊದಲು ಇವರು ಯಾರೆಂಬುದನ್ನು ಸರಿಯಾಗಿ ತಿಳಿಯೋಣ. ನಮ್ಮ ಆರ್ಮಿ ಮೆಡಿಕಲ್ ಕೋರ್ ಹುಟ್ಟಿದ್ದು 1943ರ ಏಪ್ರಿಲ್ 3ರಂದು, ಎರಡನೆಯ ಮಹಾಯುದ್ಧದ ನಡುವೆ. ಅದರ ತರಬೇತಿ ಕೇಂದ್ರ ಲಕ್ನೋದಲ್ಲಿದೆ. 'ಸರ್ವೇ ಸಂತು ನಿರಾಮಯಾಃ' ಎಂಬುದು ಅದರ ಧ್ಯೇಯವಾಕ್ಯ. ನರ್ಸಿಂಗ್ ಅಸಿಸ್ಟೆಂಟ್ ಆಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಪಾಸಾಗಿರಬೇಕು. ಅಂದರೆ ಡಾಕ್ಟರಾಗುವ ಆಸೆಯಿದ್ದು, ಸೀಟು ಸಿಗದ ಅಥವಾ ಫೀಸು ಕಟ್ಟಲಾಗದ ಬಡವರ ಮನೆಯ ಜಾಣ ಹುಡುಗನೇ ಹೆಚ್ಚಾಗಿ ಈ ಸಾಲಿನಲ್ಲಿ ನಿಲ್ಲುತ್ತಾನೆ. ಅವನು ಕವಾಯತನ್ನೂ ಕಲಿಯುತ್ತಾನೆ, ಬ್ಯಾಂಡೇಜನ್ನೂ ಕಲಿಯುತ್ತಾನೆ. ಮುಂಚೂಣಿಯ ಪಡೆಯ ಜೊತೆ ಹೋದಾಗ ಗಾಯಾಳುವಿನ ಬಳಿಗೆ ತೆವಳಿಕೊಂಡು ಹೋಗಿ, ರಕ್ತ ನಿಲ್ಲಿಸಿ, ರೆಜಿಮೆಂಟಿನ ವೈದ್ಯಾಧಿಕಾರಿ ಇರುವ ಚಿಕಿತ್ಸಾ ಠಾಣೆಯವರೆಗೆ ಜೀವ ಹಿಡಿದಿಡುವವನು ಅವನೇ.

2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಕೊನೆಯುಸಿರೆಳೆದರು. ಇಡೀ ಕರ್ನಾಟಕ ಅಂದು ದೇವರಿಗೆ ಹರಕೆ ಹೊತ್ತದ್ದು ಎಲ್ಲರಿಗೂ ನೆನಪಿದೆ. ಆದರೆ ಆ ಹತ್ತು ಮಂದಿಯಲ್ಲಿ ಒಬ್ಬ ಸಿಪಾಯಿ ನರ್ಸಿಂಗ್ ಅಸಿಸ್ಟೆಂಟ್ ಇದ್ದ, ಮಹಾರಾಷ್ಟ್ರದ ಸಾತಾರಾ ಕಡೆಯ ಯುವಕ, ಎಂಬುದು ಎಷ್ಟು ಜನರಿಗೆ ಗೊತ್ತು? ಉಳಿದ ಒಂಬತ್ತು ಮಂದಿಯ ಉಸಿರನ್ನು ಕಾಯಲೆಂದೇ ಅಷ್ಟು ಎತ್ತರಕ್ಕೆ ಹತ್ತಿದವನು ಅವನು. ಇಂಥವರ ಧೈರ್ಯವನ್ನೂ ದುಡಿಮೆಯನ್ನೂ ಪ್ರಶ್ನಿಸುವ ಯೋಗ್ಯತೆ ನನಗಾಗಲಿ, ಕುರ್ಚಿಯಲ್ಲಿ ಕುಳಿತು ಫೈಲು ನೋಡುವ ಇನ್ನಾರಿಗಾಗಲಿ ಇಲ್ಲ. ಪ್ರಶ್ನೆ ಧೈರ್ಯದ್ದಲ್ಲ.

ಊರಿಗೆ ಮರಳಿದ ಇಂಥವನ ಮುಂದೆ ಇಂದು ಇರುವ ದಾರಿಗಳಾದರೂ ಯಾವುವು? ಸೇನೆ ಸೇರುವಾಗ ಇಪ್ಪತ್ತು, ಬಿಡುವಾಗ ಮೂವತ್ತೇಳು ಮೂವತ್ತೆಂಟು. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಪೆನ್ಷನ್ ಬರುತ್ತದೆ ನಿಜ, ಆದರೆ ಗಟ್ಟಿ ಮೈಯ ಗಂಡಸು ಮನೆಯಲ್ಲಿ ಕೂರಲಾರ. ಒಂದು ದಾರಿ ಕಾವಲುಗಾರನ ಕೆಲಸ. ಪುನರ್ವಸತಿಯ ಹೆಸರಿನಲ್ಲಿ ನಡೆಯುವ ವ್ಯವಸ್ಥೆಯೂ ಸೈನಿಕನೆಂದರೆ ಸೆಕ್ಯೂರಿಟಿ ಎಂದೇ ಹೆಚ್ಚಾಗಿ ತಿಳಿದಂತಿದೆ. ಅದಕ್ಕಾಗಿ ಏಜೆನ್ಸಿಗಳ ಪಟ್ಟಿಯೇ ಇದೆ. ರಕ್ತನಾಳ ಹುಡುಕಿ ಕತ್ತಲಲ್ಲೂ ಸೂಜಿ ಹಾಕಬಲ್ಲ ಕೈ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಎಳೆಯುತ್ತ, ಕಾರುಗಳಿಗೆ ಸಲಾಮು ಹೊಡೆಯುತ್ತ ಉಳಿದ ಇಪ್ಪತ್ತು ವರ್ಷ ಕಳೆಯುತ್ತದೆ. ನನ್ನ ಮೈದುನ ಮೂರು ವರ್ಷ ಮಾಡಿದ್ದು ಇದನ್ನೇ.

ಎರಡನೆಯ ದಾರಿ ಸೂಜಿಯ ದಾರಿ. ಮನೆಯ ಜಗಲಿಯಲ್ಲಿ ಒಂದು ಮೇಜು, ಒಂದು ಬೆಂಚು, ಗಾಜಿನ ಬೀರುವಿನಲ್ಲಿ ಮಾತ್ರೆಗಳು. ಯಾವ ಬೋರ್ಡೂ ಇರುವುದಿಲ್ಲ, ಯಾವ ರಶೀದಿಯೂ ಇರುವುದಿಲ್ಲ. ನೋಂದಣಿಯಿಲ್ಲದೆ ಖಾಸಗಿ ಚಿಕಿತ್ಸಾಲಯ ನಡೆಸುವಂತಿಲ್ಲ ಎಂದು 2007ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆಯಿದೆ. ಆದರೆ ಕಾಯ್ದೆ ಜಿಲ್ಲಾ ಕೇಂದ್ರದಲ್ಲಿರುತ್ತದೆ, ಜ್ವರ ಹಳ್ಳಿಯಲ್ಲಿರುತ್ತದೆ. ಜನ ಬರುತ್ತಾರೆ. ಇವರು ಇಲ್ಲವೆನ್ನಲಾರರು. ಮೊದಮೊದಲು ಉಪಕಾರಕ್ಕಾಗಿ, ಆಮೇಲೆ ಅಭ್ಯಾಸಬಲದಿಂದ, ಕೊನೆಗೆ ಸಂಪಾದನೆಗಾಗಿ ಇದು ನಡೆಯುತ್ತದೆ.

ಈ ಎರಡು ದಾರಿಗಳೂ ತಪ್ಪು. ಮೊದಲನೆಯದು ದೇಶಕ್ಕೆ ನಷ್ಟ, ಎರಡನೆಯದು ರೋಗಿಗೆ ಅಪಾಯ. ವಿಚಿತ್ರವೆಂದರೆ 'ಅವರಿಗೆ ಪರೀಕ್ಷೆ ಯಾಕೆ' ಎಂದು ಆವೇಶದಿಂದ ಮಾತನಾಡುವವರೇ ಈ ಎರಡು ದಾರಿಗಳನ್ನು ಅಗಲ ಮಾಡುತ್ತಿರುವವರು. ಪರೀಕ್ಷೆ ಬೇಡವೆಂದ ಮೇಲೆ ಅಧಿಕೃತವಾದ ಮೂರನೆಯ ದಾರಿ ತೆರೆಯುವುದು ಹೇಗೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಯುದ್ಧಭೂಮಿಯ ರೋಗಿಯೇ ಬೇರೆ, ನಮ್ಮೂರಿನ ರೋಗಿಯೇ ಬೇರೆ. ಸೈನಿಕನೆಂದರೆ ಯಾರು? ಹದಿನೆಂಟರಿಂದ ನಲವತ್ತರೊಳಗಿನ, ಎದೆ ಅಳೆದು, ಕಣ್ಣು ಪರೀಕ್ಷಿಸಿ, ಓಡಿಸಿ ಆರಿಸಿಕೊಂಡ ಆರೋಗ್ಯವಂತ. ಅವನಿಗೆ ಬರುವ ಆಪತ್ತು ಬಹುಮಟ್ಟಿಗೆ ಹೊರಗಿನಿಂದ ಬರುವಂಥದು: ಗುಂಡು, ಸಿಡಿತಲೆ, ಹಿಮ, ಎತ್ತರದ ಜಾಗದಲ್ಲಿ ಶ್ವಾಸಕೋಶದೊಳಗೆ ತುಂಬುವ ನೀರು. ಅಮೆರಿಕದ ಸೇನಾ ವೈದ್ಯರು 2001ರಿಂದ 2011ರವರೆಗೆ ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಯುದ್ಧದಲ್ಲಿ ಸತ್ತ 4,596 ತಮ್ಮ ಸೈನಿಕರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅವರಲ್ಲಿ ನೂರಕ್ಕೆ 87 ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರ ಪೈಕಿ ಸುಮಾರು ಕಾಲು ಭಾಗದಷ್ಟು ಮಂದಿ ಉಳಿಯಬಹುದಾಗಿತ್ತು. ಆ ಉಳಿಯಬಹುದಾಗಿದ್ದವರಲ್ಲಿ ನೂರಕ್ಕೆ 91 ಮಂದಿಯನ್ನು ಕೊಂದದ್ದು ರಕ್ತಸ್ರಾವ. ಆದ್ದರಿಂದಲೇ ಸೇನಾ ವೈದ್ಯಸಹಾಯಕನಿಗೆ ಮೊದಲ ಪಾಠ ರಕ್ತ ನಿಲ್ಲಿಸುವುದು. ಉಸಿರು ನೋಡುವ ಮುಂಚೆಯೇ ಕಾಲಿಗೆ ಬಿಗಿಪಟ್ಟಿ ಹಾಕು ಎಂದು ಅವನಿಗೆ ಕಲಿಸುತ್ತಾರೆ. ಯುದ್ಧಭೂಮಿಯಲ್ಲಿ ಅದು ನೂರಕ್ಕೆ ನೂರು ಸರಿ.

ಅದೇ ಬಿಗಿಪಟ್ಟಿ ನಮ್ಮೂರಿನಲ್ಲಿ ಏನು ಮಾಡಿತು ಕೇಳಿ. ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಕಾಫಿ ತೋಟದ ಲೈನುಮನೆಯಲ್ಲಿ ವಾಸವಿದ್ದವಳು. ಕಾಫಿ ಕೊಯ್ಲಿನ ಕಾಲದಲ್ಲಿ ಗಿಡದ ಬುಡದಲ್ಲಿದ್ದ ಮಂಡಲದ ಹಾವು ಅವಳ ಪಾದಕ್ಕೆ ಕಡಿಯಿತು. ತೋಟದವರು ಓಡಿದ್ದು ಊರಿನ ಮಿಲಿಟರಿ ಡಾಕ್ಟರರ ಹತ್ತಿರ. ಅವರು ಒಂದು ಕ್ಷಣ ತಡಮಾಡಲಿಲ್ಲ. ಮೊಣಕಾಲಿನ ಕೆಳಗೆ ಸೈನಿಕ ಶಿಸ್ತಿನಿಂದ ಬಿಗಿಯಾಗಿ ಕಟ್ಟಿದರು. ನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟರು. ತಾವೇ ಜೀಪಿನಲ್ಲಿ ಕೂರಿಸಿಕೊಂಡು ಎರಡು ಗಂಟೆ ದೂರದ ಆಸ್ಪತ್ರೆಗೆ ಹೊರಟರು. ಆ ಎರಡು ಗಂಟೆ ಕಟ್ಟು ಹಾಗೆಯೇ ಇತ್ತು. ಜೀವ ಉಳಿಯಿತು. ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಮಂಡಲದ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅದನ್ನು ಒಂದೇ ಕಡೆ ಕಟ್ಟಿಹಾಕಿ, ರಕ್ತ ಸಂಚಾರವನ್ನೂ ತಡೆದರೆ ಕಾಲಿನ ಗತಿ ಮುಗಿದಂತೆಯೇ. ಹಾವು ಕಡಿದಾಗ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಅಲುಗಾಡದಂತೆ ಮಲಗಿಸಿ ವಿಷಹಾರಿ ಇರುವ ಆಸ್ಪತ್ರೆಗೆ ಬೇಗ ಸಾಗಿಸಬೇಕು ಎಂಬುದು ಇಂದಿನ ವೈದ್ಯಶಾಸ್ತ್ರದ ಸ್ಪಷ್ಟ ಸೂಚನೆ.

ಆ ಮನುಷ್ಯ ಕೆಟ್ಟವರಲ್ಲ. ಅವರು ಕಲಿತ ಕಾಲದಲ್ಲಿ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲೆಲ್ಲ ಹಾವಿಗೂ ಕಟ್ಟು ಹಾಕು ಎಂದೇ ಇತ್ತು. ಅವರ ಕೈ ಆ ಪಾಠವನ್ನು ಮರೆಯಲಿಲ್ಲ, ವೈದ್ಯಶಾಸ್ತ್ರ ಮಾತ್ರ ಮುಂದೆ ಹೋಯಿತು. ಹಳೆಯ ಪಾಠ ಬದಲಾಗಿದೆ ಎಂದು ಅವರಿಗೆ ಹೇಳಬೇಕಾದವರು ಯಾರೂ ಇರಲಿಲ್ಲ, ಏಕೆಂದರೆ ಅವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಸರ್ಟಿಫಿಕೇಟಿನ ನಿಜವಾದ ಉಪಯೋಗ ಇಲ್ಲಿದೆ. ಅದು ಗೋಡೆಗೆ ತೂಗುಹಾಕುವ ಕಾಗದವಲ್ಲ. ಇಂಥವನು ಇಂಥ ಕೆಲಸ ಮಾಡುತ್ತಾನೆ, ಇವನಿಗೆ ಹೊಸ ಪಾಠ ಮುಟ್ಟಿಸಬೇಕು, ತಪ್ಪಿದರೆ ಇವನನ್ನು ಕೇಳಬೇಕು ಎಂಬ ಒಂದು ದಾಖಲೆ ಅದು.

ಹಾವಿನ ಮಾತು ಒಂದು ಉದಾಹರಣೆ ಮಾತ್ರ. ಆಂಬ್ಯುಲೆನ್ಸಿನಲ್ಲಿ ಮಲಗುವವರು ಯಾರೆಂದು ಯೋಚಿಸಿ ನೋಡಿ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. ಅದಕ್ಕೆ ಬರುವ ಕರೆಗಳಲ್ಲಿ ಹೆರಿಗೆಯ ಕರೆಗಳದ್ದೇ ದೊಡ್ಡ ಪಾಲು. ಎಂಟು ತಿಂಗಳ ಗರ್ಭಿಣಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಅದು ಅಪಸ್ಮಾರವಲ್ಲ, ಅದರ ಔಷಧಿಯೇ ಬೇರೆ. ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವಕ್ಕೆ ಬಿಗಿಪಟ್ಟಿ ಹಾಕುವ ಜಾಗವೇ ಇಲ್ಲ. ಐದು ಕೆಜಿ ತೂಕದ ಮಗುವಿಗೆ ಔಷಧಿಯನ್ನು ತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿ ಕೊಡಬೇಕು. ಮಗುವೆಂದರೆ ಚಿಕ್ಕ ಅಳತೆಯ ಸೈನಿಕನಲ್ಲ. ಸಕ್ಕರೆ ಕಾಯಿಲೆಯ ಮುದುಕನ ರಕ್ತದಲ್ಲಿ ಸಕ್ಕರೆ ಇಳಿದಾಗ ಅವನು ಕುಡಿದವನಂತೆ ತೊದಲುತ್ತಾನೆ. ಪಾರ್ಶ್ವವಾಯು ಬಡಿದವರಿಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ಹಾಗಾದರೆ ಹತ್ತಿರದ ಚಿಕ್ಕ ಆಸ್ಪತ್ರೆಗೆ ಹೋಗುವುದೋ, ದೂರದ ದೊಡ್ಡ ಆಸ್ಪತ್ರೆಗೋ? ತೋಟಕ್ಕೆ ತಂದ ಕೀಟನಾಶಕ ಕುಡಿದವನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದರ ಅರ್ಥವೇನು? ಇವೆಲ್ಲ ಬಂಕರಿನಲ್ಲಿ ಕಲಿಯುವ ಪಾಠಗಳಲ್ಲ.

ಮಿಲಿಟರಿ ಆಸ್ಪತ್ರೆಗಳಿಗೆ ಸೈನಿಕರ ಹೆಂಡತಿ ಮಕ್ಕಳೂ ಬರುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಬರುತ್ತಾರೆ. ಆದರೆ ಅಲ್ಲಿ ಪಕ್ಕದಲ್ಲೇ ಡಾಕ್ಟರಿದ್ದಾರೆ, ತರಬೇತಾದ ಸಿಸ್ಟರುಗಳಿದ್ದಾರೆ. ಹೆರಿಗೆ ಕೋಣೆಯಲ್ಲಿ ನಮ್ಮ ಹುಡುಗ ಒಬ್ಬಂಟಿಯಾಗಿ ನಿರ್ಧಾರ ತೆಗೆದುಕೊಂಡವನಲ್ಲ. ಓಡುವ ಆಂಬ್ಯುಲೆನ್ಸಿನಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಾದವನು ಅವನೊಬ್ಬನೇ.

ಇನ್ನು ಅವಮಾನದ ಮಾತು. ನಾನು ಬಿಎ ಮುಗಿಸಿ ಬಿಎಡ್ ಮಾಡಿದವಳು. ನಮ್ಮ ಕಾಲದಲ್ಲೂ ಹೀಗೆಯೇ ಕೇಳುತ್ತಿದ್ದರು: 'ವಿಷಯ ಗೊತ್ತಿದ್ದರೆ ಸಾಲದೇ, ಪಾಠ ಮಾಡಲು ಇನ್ನೊಂದು ಪದವಿ ಬೇಕೇ?' ಗಣಿತದಲ್ಲಿ ಚಿನ್ನದ ಪದಕ ಪಡೆದವರೊಬ್ಬರು ಐದನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕಲಿಸಲಾಗದೆ ಬೆವರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಗಣಿತ ಗೊತ್ತಿತ್ತು, ಮಗು ಗೊತ್ತಿರಲಿಲ್ಲ. ಬಿಎಡ್ ಇರುವುದು ಗಣಿತಜ್ಞನನ್ನು ಕೆಳಗಿಳಿಸಲಿಕ್ಕಲ್ಲ, ಬೆಂಚಿನ ಮೇಲೆ ಕುಳಿತ ಮಗುವಿನ ರಕ್ಷಣೆಗೆ. ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಲೂ ಪಠ್ಯ ಬದಲಾದಾಗಲೆಲ್ಲ ಇಲಾಖೆ ನಮ್ಮನ್ನು ತರಬೇತಿಗೆ ಕರೆಯುತ್ತದೆ. ಗೊಣಗುತ್ತೇವೆ, ಹೋಗುತ್ತೇವೆ, ಏನಾದರೊಂದು ಕಲಿತು ಬರುತ್ತೇವೆ. ಅದರಿಂದ ಯಾವ ಮೇಷ್ಟರ ಮಾನವೂ ಹೋಗಲಿಲ್ಲ. ಜೀವ ಹಿಡಿಯುವವನಿಗೆ ಅಕ್ಷರ ಹಿಡಿಯುವವರಿಗಿಂತ ಕಡಿಮೆ ನಿಯಮ ಸಾಕೇ?

'ಡಿಪ್ಲೊಮಾ ಇದ್ದವರೆಲ್ಲ ಏನು ಮಹಾ ಕಡಿದು ಹಾಕಿದ್ದಾರೆ? ದುಡ್ಡು ಕೊಟ್ಟರೆ ಸರ್ಟಿಫಿಕೇಟು ಸಿಗುತ್ತದೆ' ಎನ್ನುವವರೂ ಉಂಟು. ನಿಜ, ರೋಗಿಯನ್ನೇ ಮುಟ್ಟದೆ ಪ್ಯಾರಾಮೆಡಿಕಲ್ ಪಾಸಾದವರ ಕಥೆ ನಾನೂ ಕೇಳಿದ್ದೇನೆ. ಆದರೆ ಕಳಪೆ ಕಾಲೇಜಿಗೆ ಬೀಗ ಹಾಕಿ ಎನ್ನಬೇಕೇ ಹೊರತು ಕಾಲೇಜೇ ಬೇಡ ಎನ್ನುವುದು ನೆಗಡಿಗೆ ಮೂಗು ಕೊಯ್ದಂತೆ. ಅಷ್ಟೇ ಅಲ್ಲ, ಒಂದು ತರಗತಿಯಲ್ಲಿ ಹತ್ತು ಮಂದಿ ಮಾಜಿ ಸೈನಿಕರು ಬಂದು ಕುಳಿತರೆ, ಪಾಠ ಮಾಡದೆ ತಿರುಗುವ ಅಧ್ಯಾಪಕನೂ ಎಚ್ಚರಗೊಳ್ಳುತ್ತಾನೆ. ಪ್ರಾಯೋಗಿಕ ಪಾಠ ಎಲ್ಲಿ ಎಂದು ಕೇಳುವ ಗಂಟಲು ಹದಿನೆಂಟರ ಹುಡುಗರಿಗಿಲ್ಲ, ಇವರಿಗಿದೆ.

ಮೂರನೆಯ ಆಕ್ಷೇಪ ಮಾತ್ರ ತೂಕದ್ದು. ನಲವತ್ತರ ಹತ್ತಿರದ ಗಂಡಸು, ಸಂಸಾರಸ್ಥ, ಮತ್ತೆ ಎರಡು ಮೂರು ವರ್ಷ ಬೆಂಚಿನ ಮೇಲೆ ಕೂರುವುದು ಹೇಗೆ? ಗೊತ್ತಿರುವ ಬ್ಯಾಂಡೇಜನ್ನೇ ಮತ್ತೆ ಮೊದಲಿನಿಂದ ಕಲಿಯುವುದು ಏಕೆ? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಇದಕ್ಕೆ ಉತ್ತರ ಪರೀಕ್ಷೆಯನ್ನು ತೆಗೆದುಹಾಕುವುದಲ್ಲ, ದಾರಿಯನ್ನು ಚಿಕ್ಕದು ಮಾಡುವುದು.

ಅಮೆರಿಕದವರು ಇದನ್ನು ಅರವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದರು. 1965ರಲ್ಲಿ ಅಲ್ಲಿಯ ಉತ್ತರ ಕೆರೋಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಎಂಬ ವೈದ್ಯರು ಡಾಕ್ಟರರ ಸಹಾಯಕರನ್ನು ತಯಾರು ಮಾಡುವ ಒಂದು ಹೊಸ ಕೋರ್ಸು ಆರಂಭಿಸಿದರು. ಅದಕ್ಕೆ ಅವರು ಆರಿಸಿಕೊಂಡ ಮೊದಲ ನಾಲ್ವರು ವಿದ್ಯಾರ್ಥಿಗಳೂ ನೌಕಾಪಡೆಯಲ್ಲಿ ವೈದ್ಯಸಹಾಯಕರಾಗಿ ದುಡಿದು ಬಂದವರು. ಅವರ ಅನುಭವವನ್ನು ಸ್ಟೆಡ್ ಬಂಡವಾಳವೆಂದು ತಿಳಿದರು, ಆದರೆ ಅಷ್ಟೇ ಸಾಕೆಂದು ಬಿಡಲಿಲ್ಲ. ಎರಡು ವರ್ಷ ಓದಿಸಿದರು. 1967ರಲ್ಲಿ ಮೂವರು ಪಾಸಾಗಿ ಹೊರಬಂದರು. ಇಂದು ಆ ದೇಶದಲ್ಲಿ ಒಂದು ದೊಡ್ಡ ವೃತ್ತಿಯಾಗಿ ಬೆಳೆದಿರುವ 'ಫಿಸಿಶಿಯನ್ ಅಸಿಸ್ಟೆಂಟ್' ಹುಟ್ಟಿದ್ದು ಹೀಗೆ. ಈಗ ಅಲ್ಲಿಯ ಭೂಸೇನೆ ತನ್ನ ವೈದ್ಯಸಹಾಯಕನಿಗೆ ಸೇವೆಯಲ್ಲಿರುವಾಗಲೇ ನಾಗರಿಕ ತುರ್ತುಚಿಕಿತ್ಸೆಯ ಮೊದಲ ಹಂತದ ರಾಷ್ಟ್ರೀಯ ಪರೀಕ್ಷೆ ಪಾಸು ಮಾಡಿಸುತ್ತದೆ. ಅದನ್ನು ಪಾಸಾದವನೂ ಪ್ಯಾರಾಮೆಡಿಕ್ ಆಗಬೇಕಾದರೆ ಮತ್ತೆ ಸಾವಿರಕ್ಕೂ ಹೆಚ್ಚು ಗಂಟೆ ಕಲಿಯಬೇಕು. ಯುದ್ಧ ಕಂಡವನೆಂದು ಯಾರೂ ಅವನಿಗೆ ಕಾಗದವನ್ನು ಬಿಟ್ಟಿಯಾಗಿ ಕೊಡುವುದಿಲ್ಲ.

ನಮ್ಮಲ್ಲೂ ಈಗ ಕಾನೂನಿನ ಅಡಿಪಾಯ ಬಿದ್ದಿದೆ. 2021ರಲ್ಲಿ ಸಂಸತ್ತು ಒಪ್ಪಿದ ಸಹಾಯಕ ಹಾಗೂ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಪ್ಯಾರಾಮೆಡಿಕನನ್ನು ಹೆಸರಿಟ್ಟು ಗುರುತಿಸುತ್ತದೆ. ಸಹಾಯಕ ವೃತ್ತಿಪರನಿಗೆ ಕನಿಷ್ಠ 2,000 ಗಂಟೆಗಳ, ಆರೋಗ್ಯ ವೃತ್ತಿಪರನಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣ ಇರಬೇಕು, ಕೇಂದ್ರದಲ್ಲೂ ರಾಜ್ಯಗಳಲ್ಲೂ ನೋಂದಣಿ ಪಟ್ಟಿ ಇರಬೇಕು ಎಂದು ಹೇಳುತ್ತದೆ. ಆ 2,000 ಗಂಟೆಗಳಲ್ಲಿ ನಮ್ಮ ನರ್ಸಿಂಗ್ ಅಸಿಸ್ಟೆಂಟ್ ಈಗಾಗಲೇ ಕಲಿತದ್ದು ಎಷ್ಟು ಎಂದು ಲೆಕ್ಕ ಹಾಕಿ ಕಳೆಯಲಿ. ಗಾಯ, ಮೂಳೆಮುರಿತ, ಸೂಜಿ, ಡ್ರಿಪ್, ಹೊತ್ತು ಸಾಗಿಸುವುದು ಇವುಗಳಲ್ಲಿ ನೇರವಾಗಿ ಪರೀಕ್ಷೆ ಕೊಡಲಿ, ಪಾಸಾದರೆ ಆ ಪಾಠಕ್ಕೆ ಕೂರಿಸದಿರಲಿ. ಉಳಿದದ್ದನ್ನು, ಅಂದರೆ ಹೆರಿಗೆ, ಶಿಶು, ಮುಪ್ಪು, ಹೃದಯ, ವಿಷ, ಹಾವು, ಮನೋರೋಗ, ಇವುಗಳನ್ನು ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲಿ ನಿಲ್ಲಿಸಿ ಕಲಿಸಲಿ. ನಿವೃತ್ತಿಗೆ ಮುಂಚಿನ ಪುನರ್ವಸತಿ ತರಬೇತಿಯಲ್ಲೇ ಇದನ್ನು ಆರಂಭಿಸಿದರೆ ಇನ್ನೂ ಒಳ್ಳೆಯದು. ಕಾವಲುಗಾರನ ಏಜೆನ್ಸಿಗೆ ತೋರಿಸುವ ಉತ್ಸಾಹದ ಅರ್ಧದಷ್ಟನ್ನು ಇಲ್ಲಿ ತೋರಿಸಿದರೂ ಸಾಕು.

ಹದಿನೈದು ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದ ಸೈನಿಕನನ್ನು ಕೇಂದ್ರದ ಗ್ರೂಪ್ 'ಸಿ' ಹುದ್ದೆಗಳಿಗೆ ಪದವೀಧರನೆಂದೇ ಪರಿಗಣಿಸುವ ನಿಯಮ ನಮ್ಮಲ್ಲಿದೆ, ಇಲ್ಲಿಯೂ ಹಾಗೆಯೇ ಮಾಡಿಬಿಡಲಿ ಎಂದು ಕೆಲವರು ವಾದಿಸುತ್ತಾರೆ. ಆದರೆ ತಾಂತ್ರಿಕ, ವೃತ್ತಿಪರ ವಿದ್ಯಾರ್ಹತೆ ಬೇಕಾದ ಹುದ್ದೆಗಳಿಗೆ ಆ ನಿಯಮವೇ ಅನ್ವಯಿಸುವುದಿಲ್ಲ. ಅದು ಸರಿಯೇ. ಗುಮಾಸ್ತ ಕಾಗದದಲ್ಲಿ ತಪ್ಪಿದರೆ ಇನ್ನೊಂದು ಕಾಗದ ಬರೆಯಬಹುದು.

ಸಂಬಳದ ಮಾತನ್ನೂ ಮುಚ್ಚಿಡಬಾರದು. 'ಇಷ್ಟೆಲ್ಲ ಓದಿದ ಮೇಲೆ ಆಂಬ್ಯುಲೆನ್ಸಿನವರು ಕೊಡುವುದೆಷ್ಟು? ಗೇಟು ಕಾಯುವವನೇ ವಾಸಿ' ಎಂದು ನನ್ನ ಮೈದುನ ಕೇಳಿದ್ದ. ಗುತ್ತಿಗೆಯ ಮೇಲೆ ದುಡಿಯುವ ಆಂಬ್ಯುಲೆನ್ಸ್ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಜೀವ ಉಳಿಸುವವನಿಗಿಂತ ಕಾರು ನಿಲ್ಲಿಸುವ ಜಾಗ ಕಾಯುವವನಿಗೆ ಹೆಚ್ಚು ಕೊಡುವ ಸಮಾಜ ನಾಚಿಕೊಳ್ಳಬೇಕು. ಆದರೆ ನೋಂದಣಿಯಿಲ್ಲದ, ಲೆಕ್ಕಕ್ಕಿಲ್ಲದ, ಒಡೆದು ಹಂಚಿಹೋದ ಜನಕ್ಕೆ ಯಾರು ಸಂಬಳ ಏರಿಸುತ್ತಾರೆ? ನರ್ಸುಗಳು ತಮ್ಮ ಪಾಲು ಕೇಳಲು ಸಾಧ್ಯವಾದದ್ದು ಅವರದೊಂದು ಗುರುತಿಸಲ್ಪಟ್ಟ ವೃತ್ತಿಯಾದ್ದರಿಂದಲೇ. ಪ್ಯಾರಾಮೆಡಿಕನೂ ಮೊದಲು ಕಾನೂನಿನ ಕಣ್ಣಿಗೆ ಬೀಳಲಿ. ಶಿಸ್ತು ಬಲ್ಲ, ಒಟ್ಟಾಗಿ ನಿಲ್ಲಬಲ್ಲ ಮಾಜಿ ಸೈನಿಕರು ಆ ಸಾಲಿಗೆ ಸೇರಿದರೆ ಆ ಸಾಲಿನ ಧ್ವನಿಯೂ ಗಟ್ಟಿಯಾಗುತ್ತದೆ.

ಹಾಗಾದರೆ ಸರ್ಟಿಫಿಕೇಟು ಇಲ್ಲದ ಮಾಜಿ ಸೈನಿಕ ರಸ್ತೆಯಲ್ಲಿ ಬಿದ್ದವನನ್ನು ನೋಡಿಕೊಂಡು ಸುಮ್ಮನೆ ಹೋಗಬೇಕೇ ಎಂದು ಕೇಳಬೇಡಿ. ಖಂಡಿತ ಇಲ್ಲ. ಫಲಾಪೇಕ್ಷೆಯಿಲ್ಲದೆ, ಸದುದ್ದೇಶದಿಂದ ಅಪಘಾತದ ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯೇ ರಕ್ಷಣೆ ಕೊಡುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅಲ್ಲಿ ಓಡಿ ಹೋಗಿ ರಕ್ತ ನಿಲ್ಲಿಸುವ ಕೈ ಯಾರದಾದರೂ ಪುಣ್ಯವಂತರದೇ. ಆದರೆ ದಾರಿಹೋಕನ ಉಪಕಾರ ಬೇರೆ, ವೃತ್ತಿ ಬೇರೆ. ದಿನವೂ ಬಾಗಿಲು ತೆರೆದು ಕೂರುವವನು, ಔಷಧಿ ಕೊಡುವವನು, ಅದಕ್ಕೆ ದುಡ್ಡು ಪಡೆಯುವವನು ದಾರಿಹೋಕನಲ್ಲ.

ನಮ್ಮ ಕೊಡಗಿನ ಮಟ್ಟಿಗೆ ಇದು ಪುಸ್ತಕದ ಚರ್ಚೆಯಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ದೊಡ್ಡ ಕಾಯಿಲೆಗೆ ಜನ ಇನ್ನೂ ಮೈಸೂರಿನ ಹಾದಿ ಹಿಡಿಯುತ್ತಾರೆ. ಅದು ಸುಮಾರು 120 ಕಿಲೋಮೀಟರು. ಮಂಗಳೂರಿಗೆ ಹೋಗಬೇಕಾದರೆ ಸಂಪಾಜೆಯ ಘಾಟಿ ಇಳಿಯಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟಗಳೇ ಜಾರಿ ಬಂದಾಗ ಆ ರಸ್ತೆಯೂ ಇಲ್ಲವಾಯಿತು. ಆಗ ಊರು ಊರಿನೊಳಗೇ ಕೈದಿಯಾಗಿತ್ತು. ಅಂಥ ದಿನಗಳಲ್ಲಿ ಆಸ್ಪತ್ರೆಯೆಂದರೆ ಆಂಬ್ಯುಲೆನ್ಸೇ, ಡಾಕ್ಟರೆಂದರೆ ಅದರೊಳಗೆ ಕುಳಿತವನೇ. ಅವನು ಕತ್ತಲೆಗೂ ಮಳೆಗೂ ಹೆದರದವನಾಗಿರಬೇಕು, ಜೊತೆಗೆ ಗರ್ಭಿಣಿಯ ಫಿಟ್ಸಿಗೆ ಏನು ಮಾಡಬೇಕೆಂದೂ ತಿಳಿದವನಾಗಿರಬೇಕು. ಮೊದಲನೆಯ ಗುಣವನ್ನು ಯಾವ ಕಾಲೇಜೂ ಕಲಿಸಲಾರದು. ಸೈನ್ಯ ಅದನ್ನು ಕಲಿಸಿ ಕಳಿಸಿದೆ. ಎರಡನೆಯದನ್ನು ಕಲಿಯಬಹುದು, ಕಲಿಯಬೇಕು.

ಕೊನೆಯದಾಗಿ ಆ ಸೋದರರಿಗೇ ಒಂದು ಮಾತು. ಸರ್ಕಾರ ದಾರಿಯನ್ನು ಚಿಕ್ಕದು ಮಾಡುವವರೆಗೆ ಕಾಯುತ್ತೇನೆಂದು ಕೂರಬೇಡಿ. ಇಂದಿರುವ ದಾರಿ ಉದ್ದವೇ ಇರಲಿ, ಹೊರಡಿ. ನಿಮ್ಮ ಎದೆಯ ಮೇಲಿನ ಪದಕ ಕಂಡು ನಾವು ಎದ್ದು ನಿಂತು ನಮಸ್ಕರಿಸುತ್ತೇವೆ. ಆದರೆ ಸ್ಟ್ರೆಚರಿನ ಮೇಲೆ ಎಚ್ಚರ ತಪ್ಪಿ ಮಲಗಿದವಳಿಗೆ ಆ ಪದಕ ಕಾಣುವುದಿಲ್ಲ. ನೀವು ಏನು ಕಲಿತಿದ್ದೀರಿ, ಏನು ಕಲಿತಿಲ್ಲ ಎಂದು ಕೇಳುವ ಶಕ್ತಿಯೂ ಅವಳಿಗಿರುವುದಿಲ್ಲ. ಅವಳ ಪರವಾಗಿ ಮೊದಲೇ ಕೇಳಿಟ್ಟ ಪ್ರಶ್ನೆಗೆ ಪರೀಕ್ಷೆ ಎಂದು ಹೆಸರು. ನನ್ನ ಮೈದುನ ಕೊನೆಗೂ ಗೇಟಿನ ಕೆಲಸ ಬಿಟ್ಟು ಡಿಪ್ಲೊಮಾಕ್ಕೆ ಸೇರಿದ್ದಾನೆ. ತರಗತಿಯಲ್ಲಿ ಅವನಿಗಿಂತ ಹಿರಿಯರು ಯಾರೂ ಇಲ್ಲವಂತೆ, ಅಧ್ಯಾಪಕರೂ ಸೇರಿ. ಹುಡುಗರು ಅವನನ್ನು 'ಸರ್' ಎಂದೇ ಕರೆಯುತ್ತಾರಂತೆ, ಸೂಜಿ ಹಿಡಿಯುವುದನ್ನು ಅವನಿಂದಲೇ ಕಲಿಯುತ್ತಾರಂತೆ. ಹೆರಿಗೆ ವಾರ್ಡಿನ ಪಾಠದಲ್ಲಿ ಮಾತ್ರ ಅವನೂ ಅವರ ಜೊತೆ ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಾನೆ.